ಕಿವಿಗಚ್ಚು ಕಂಡ ದುರ್ಬೀನು

ಆ ದುರ್ಬೀನು ಆರಿಸಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗ ಮುತ್ತುರಾಜು ಹಾರೋಹಳ್ಳಿ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ನಾಲ್ಕು ಜನರನ್ನು ಕೂರಿಸಿಕೊಂಡು ಈ ಕಥೆ ಹೇಳುತ್ತಾನಂತೆ. ಹೇಳುವಾಗ ನನ್ನ ತಪ್ಪನ್ನೆಲ್ಲ ನುಂಗಿಕೊಂಡು ನನ್ನನ್ನು ದೇವರ ಪಟದಲ್ಲಿ ಕೂರಿಸುತ್ತಾನಂತೆ. ಯಾರು ಕೇಳಿದರು ಅವನನ್ನು? ಈ ದಾಸಮ್ಮ ತಪ್ಪು ಮಾಡಿದರೂ ತಲೆ ಎತ್ತಿಕೊಂಡೇ ಮಾಡುತ್ತಾಳೆ, ಒಪ್ಪಿಕೊಳ್ಳುವಾಗಲೂ ತಲೆ ಎತ್ತಿಕೊಂಡೇ ಒಪ್ಪಿಕೊಳ್ಳುತ್ತಾಳೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೇ ಕೇಳಿ.

ನಾವು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಯವರು. ಒಂದಿಷ್ಟು ರಾಗಿ ಹೊಲ, ಅರವತ್ತು ಕುರಿ. ಯಾವ ಕುರಿ ಯಾರದು ಅಂತ ತಿಳಿಯಲು ನಾವು ಮರಿಯಾಗಿದ್ದಾಗಲೇ ಕಿವಿಗೆ ಕಚ್ಚು ಹಾಕುತ್ತೇವೆ. ಎಡಗಿವಿಯ ಅಂಚಿನಲ್ಲಿ ಕಚ್ಚು ಇದ್ದರೆ ನಮ್ಮದು, ಬಲಗಿವಿಯ ತುದಿ ಕತ್ತರಿಸಿದ್ದರೆ ಪಕ್ಕದ ಮನೆ ಗಂಗಹನುಮಯ್ಯನದು. ಕೆರೆ ಏರಿಯ ಮೇಲೆ ಕೂತು ಆಚೆ ದಡದ ಮಂದೆಯಲ್ಲಿ ನಮ್ಮವೆಷ್ಟು, ಅವನವೆಷ್ಟು ಅಂತ ಹೇಳುವವಳು ಸುತ್ತ ಮೂರು ಊರಿಗೆ ನಾನೊಬ್ಬಳೇ ಇದ್ದೆ. ‘ದಾಸಮ್ಮನ ಕಣ್ಣು’ ಅಂತಲೇ ಜನ ಮಾತಾಡುತ್ತಿದ್ದರು.

ಆ ಕಣ್ಣು ನನ್ನ ಮಗನಿಗೆ ಬರಲಿಲ್ಲ. ಅವನು ಕಾಲ ಕೆಳಗಿರುವ ಚಪ್ಪಲಿಯನ್ನೇ ಮನೆಯೆಲ್ಲ ಹುಡುಕುತ್ತಾನೆ. ಬಂದದ್ದು ಅವನ ಮಗಳಿಗೆ, ನನ್ನ ಮೊಮ್ಮಗಳು ಸಿಂಧುಗೆ. ಅವಳು ಕನಕಪುರದಲ್ಲಿ ಪಿಯುಸಿ ಓದುತ್ತಾಳೆ. ಕಾಲೇಜಿನ ಎನ್‌ಸಿಸಿ ಕ್ಯಾಂಪಿನಲ್ಲಿ ಒಮ್ಮೆ ಬಂದೂಕು ಕೈಗೆ ಕೊಟ್ಟು ಐದು ಗುಂಡು ಹೊಡೆಸಿದರು. ಐದೂ ಒಂದು ಕಾಫಿ ಲೋಟದ ಬಾಯಿಯಷ್ಟು ಅಗಲದೊಳಗೇ ಬಿದ್ದಿದ್ದವು. ಅದನ್ನು ನೋಡಿದ ಮೇಷ್ಟ್ರು ಅವಳನ್ನು ರಾಮನಗರದ ಮನೋಹರ್ ಹತ್ತಿರ ಕಳಿಸಿದರು. ಮನೋಹರ್ ಮಿಲಿಟರಿಯಲ್ಲಿ ಹವಾಲ್ದಾರ್ ಆಗಿದ್ದವನು, ಈಗ ಊರಾಚೆ ಒಂದು ಶೀಟಿನ ಶೆಡ್ಡು ಹಾಕಿಕೊಂಡು ಮಕ್ಕಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಾನೆ. ಹಕ್ಕಿ ಗಿಕ್ಕಿ ಹೊಡೆಯುವ ಹಾಗಿಲ್ಲ, ಕಾಗದದ ಮೇಲಿನ ಕಪ್ಪು ಚುಕ್ಕಿಗೆ ಗಾಳಿ ಬಂದೂಕಿನಿಂದ ಹೊಡೆಯಬೇಕು, ಅಷ್ಟೇ.

ಸಿಂಧು ಒಂದು ವರ್ಷ ಭಾನುವಾರ ಭಾನುವಾರ ಬಸ್ಸು ಹತ್ತಿ ಹೋಗಿ ಕಲಿತಳು. ಅಲ್ಲಿದ್ದ ಹಳೆಯ ಬಂದೂಕುಗಳಿಗೆ ದುರ್ಬೀನಿರಲಿಲ್ಲ, ನಳಿಗೆಯ ತುದಿಯ ಕಬ್ಬಿಣದ ಮೊಳೆ ನೋಡಿಯೇ ಗುರಿ. ಈ ವರ್ಷ ಮನೋಹರ್ ದುರ್ಬೀನಿನ ಬಂದೂಕಿಗೆ ಕಿರಿಯರ ತಂಡ ಕಟ್ಟಲು ಹೊರಟ. ಸ್ಪರ್ಧೆ ಇಟ್ಟು ನಾಲ್ಕು ಜನರನ್ನು ಆರಿಸುತ್ತಾನೆ, ಆ ನಾಲ್ವರನ್ನು ಬೇರೆ ಜಿಲ್ಲೆಗಳ ಪಂದ್ಯಗಳಿಗೆ ಕರೆದುಕೊಂಡು ಹೋಗುತ್ತಾನೆ. ಬಂದೂಕು, ದುರ್ಬೀನು ಅವರವರೇ ತರಬೇಕು. ಹದಿನೆಂಟು ತುಂಬಿದವರಿಗೆ ಜಾಗವಿಲ್ಲ. ಸಿಂಧುಗೆ ದೀಪಾವಳಿಗೆ ಹದಿನೆಂಟು. ಅಂದರೆ ಈ ಸಲ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ನಾನು ಎರಡು ಟಗರು ಮಾರಿ ದುಡ್ಡು ಕೊಟ್ಟೆ. ಅಷ್ಟರೊಳಗೆ ಎಲ್ಲ ಮುಗಿಯಬೇಕು ಅಂತ ಹೇಳಿ ಶನಿವಾರ ಮೂವರೂ ರಾಮನಗರದ ಬಂದೂಕಿನ ಅಂಗಡಿಗೆ ಹೋದೆವು.

ಬಂದೂಕು ಆರಿಸುವುದರಲ್ಲಿ ತಾಪತ್ರಯವಾಗಲಿಲ್ಲ. ಮುತ್ತುರಾಜುವಿಗೆ ಮಿರಮಿರ ಮಿಂಚುವ ಕರೀ ಬಂದೂಕಿನ ಮೇಲೆ ಮನಸ್ಸು.

“ಅವ್ವ, ನೋಡು ಇದ್ನ, ಸಿನಿಮಾದಲ್ಲಿ ಇದ್ದಂಗೈತೆ,” ಅಂದ.

“ನೀನೇನ್ಲಾ ಸಿನಿಮಾ ಮಾಡಕ್ಕೆ ಬಂದಿದ್ದೀಯಾ? ಹೊಡಿಯೋಳು ಅವಳು,” ಅಂತ ಬೈದೆ.

ಸಿಂಧು ಒಂದು ಮರದ ಹಿಡಿಯ ಬಂದೂಕು ಎತ್ತಿಕೊಂಡಳು. ನೋಡಲು ಸಪ್ಪೆ, ಆದರೆ ಭಾರವಾಗಿತ್ತು. ಹೆಗಲಿಗಿಟ್ಟುಕೊಂಡಾಗ ಅವಳ ಕೆನ್ನೆ ಅದರ ಮೇಲೆ ತಾನಾಗಿ ಕೂತಿತು. ಬೆರಳಲ್ಲಿ ಕುದುರೆ, ಅಂದರೆ ಟ್ರಿಗರ್, ಎಳೆದು ನೋಡಿ, “ಇದು ಜಗ್ಗಲ್ಲ ಅಜ್ಜಿ, ಮೆತ್ತಗೆ ಬುಟ್ಕೊತದೆ. ಗುಂಡು ತುಂಬಕ್ಕೆ ನಳಿಗೆನೂ ಬಗ್ಸಂಗಿಲ್ಲ, ಕೆಳಗಿನ ಸನ್ನೆಕೋಲು ಎಳುದ್ರೆ ಸಾಕು. ನಳಿಗೆ ಅಲ್ಲಾಡ್ದಿದ್ರೆ ಗುರಿನೂ ಅಲ್ಲಾಡಲ್ಲ,” ಅಂದಳು. ಸಂತೆಯಲ್ಲಿ ಟಗರಿನ ಬೆನ್ನು ಒತ್ತಿ ನೋಡುವ ಹಾಗೆ ನಾನೂ ಆ ಬಂದೂಕಿನ ಬೆನ್ನು ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಅಂಗಡಿಯವನು ನಕ್ಕ. ನಗಲಿ, ನನ್ನ ದುಡ್ಡು ನಾನು ಒತ್ತಿ ನೋಡಿದೆ.

ಆಮೇಲೆ ದುರ್ಬೀನು ಬಂತು. ನಮ್ಮ ದುಡ್ಡಿಗೆ ಆಗುವಂಥವು ಎರಡೇ ಇದ್ದವು. ಒಂದು ತೆಳ್ಳಗಿತ್ತು, ಮುಂದುಗಡೆ ತಿರುಗಿಸುವ ಉಂಗುರವಿತ್ತು, ಉಂಗುರದ ಮೇಲೆ ಏನೇನೋ ಅಂಕಿ. ಇನ್ನೊಂದು ದಪ್ಪ, ಉದ್ದ, ನೋಡಿದರೆ ಮರ್ಯಾದಸ್ಥನ ಹಾಗಿತ್ತು.

“ಅಜ್ಜಿ, ಮನೋಹರ್ ಸಾರು ಮುಂದೆ ಉಂಗ್ರ ಇರೋದ್ನೇ ತಕೊ ಅಂದವ್ರೆ,” ಅಂದಳು ಸಿಂಧು.

“ಯಾಕಂತೆ?”

“ಯಾಕೆ ಅಂತ ಕೇಳ್ನಿಲ್ಲ.”

“ಕೇಳ್ದೆ ತಕೊಳೋಕೆ ಇದೇನು ಪ್ರಸಾದವಾ? ಕೊಡು ಇಲ್ಲಿ, ನಾ ನೋಡ್ತೀನಿ. ಕಣ್ಣಿನ ಇಸ್ಯ ನಂಗೆ ಏಳ್ಕೊಡಕ್ಕೆ ಬತ್ತಾನಾ ಅವ್ನು?”

ಎರಡನ್ನೂ ತೆಗೆದುಕೊಂಡು ಅಂಗಡಿಯ ಮಾಳಿಗೆ ಹತ್ತಿದೆ. ಎದುರಿಗೆ ಬಂಡೆ ಗುಡ್ಡ, ಇನ್ನೂರು ಹೆಜ್ಜೆ ದೂರದಲ್ಲಿ ಬಂಡೆಗಳ ನಡುವೆ ಯಾರದೋ ಕುರಿ ಮೇಯುತ್ತಿದ್ದವು. ಉಂಗುರದ ದುರ್ಬೀನು ಕಣ್ಣಿಗಿಟ್ಟೆ. ಎಲ್ಲ ಮಂಜು ಮಂಜು, ಕುರಿ ಯಾವುದು ಬಂಡೆ ಯಾವುದು ತಿಳಿಯಲಿಲ್ಲ. ದಪ್ಪನೆಯದನ್ನು ಇಟ್ಟೆ. ಅಯ್ಯೋ, ಏನು ಹೇಳಲಿ! ಒಂದು ಬಿಳಿ ಕುರಿ ನನ್ನ ಮೂಗಿನ ಮುಂದೆಯೇ ಬಂದು ನಿಂತಿತು. ಕಿವಿಯಲ್ಲಿ ಎರಡು ಕಚ್ಚು, ಕಚ್ಚಿನ ಅಂಚಿನ ಕೂದಲು ಸಮೇತ ಕಂಡಿತು.

“ಇದೇ,” ಅಂದೆ.

ಸಿಂಧು ಉಂಗುರದ್ದನ್ನು ಕೈಗೆತ್ತಿಕೊಂಡು, “ಒಸಿ ಉಂಗ್ರ ತಿರುಗ್ಸಿ ನೋಡ್ಲಾ?” ಅಂದಳು. ಉಂಗುರ ಬಿಗಿಯಾಗಿತ್ತು.

“ಮುಟ್ಬೇಡ, ಮಡಗು! ಕಿತ್ಕೊಂಡು ಬಂದ್ರೆ ಅದನ್ನೂ ನಮ್ಮ ತಲೆಗೆ ಕಟ್ತಾನೆ.”

ಅವಳು ಇಟ್ಟುಬಿಟ್ಟಳು. ನನ್ನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮೀರುವುದಿಲ್ಲ. ಅವತ್ತು ಮೀರಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಭಾನುವಾರ, ಸಿಂಧು ಜೊತೆ ಶೆಡ್ಡಿಗೆ ನಾನೂ ಮುತ್ತುರಾಜುವೂ ಹೋದೆವು. ನನ್ನ ಆಯ್ಕೆ ನೋಡಿ ನಾಲ್ಕು ಜನ ಬೆರಗಾಗಲಿ ಅಂತ ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಮನೋಹರ್ ದುರ್ಬೀನನ್ನು ಬಂದೂಕಿಗೆ ಬಿಗಿದ. ಇಪ್ಪತ್ತು ಮೀಟರು ದೂರದಲ್ಲಿ ಗುರಿಯ ಕಾಗದ. ಸಿಂಧು ಮಲಗಿ ಕಣ್ಣಿಟ್ಟಳು, ತೆಗೆದಳು, ಒರೆಸಿಕೊಂಡಳು, ಮತ್ತೆ ಇಟ್ಟಳು. ಹತ್ತು ಗುಂಡು ಹೊಡೆದಳು. ಕಾಗದ ತಂದು ನೋಡಿದರೆ ತೂತುಗಳು ಮೂಲೆಗೊಂದರಂತೆ ಇದ್ದವು. ಈ ಹುಡುಗಿ ಬರೀ ಮೊಳೆ ನೋಡಿ ಹೊಡೆದಾಗಲೂ ಇಷ್ಟು ಚೆದುರಿರಲಿಲ್ಲ.

ಮನೋಹರ್ ತಾನೇ ಮಲಗಿ ನೋಡಿದ. ಎದ್ದು ನನ್ನ ಕಡೆ ತಿರುಗಿದ.

“ಅಮ್ಮ, ಇದು ದೂರುಕ್ಕೆ ಮಾಡಿರೋದು ಕಣಮ್ಮ. ನೂರು ಮೀಟ್ರು ಆಚೆ ಇರೋದು ಚೆನ್ನಾಗಿ ಕಾಣ್ತದೆ. ನಮ್ಮ ಗುರಿ ಇಪ್ಪತ್ತೇ ಮೀಟ್ರು. ಇಷ್ಟು ಹತ್ರ ಇರೋದು ಮಂಜಾಗೋಯ್ತದೆ. ತಲೆ ಒಸಿ ಅಲ್ಲಾಡಿದ್ರೆ ದುರ್ಬೀನೊಳಗಿನ ಗೆರೆ ಗುರಿ ಮೇಲೆ ಓಡಾಡ್ತದೆ. ಅದಕ್ಕೇ ಉಂಗ್ರ ಇರೋದು ಅಂದಿದ್ದೆ. ಹತ್ರಕ್ಕೆ, ದೂರಕ್ಕೆ ತಿರುಗಿಸ್ಕೊಬೋದು.”

“ಆ ಉಂಗ್ರದ್ರಲ್ಲಿ ಏನೂ ಕಾಣ್ನಿಲ್ಲ ಕಣಪ್ಪ!”

“ಅದು ಹತ್ತು ಮೀಟ್ರಿಗೆ ತಿರುಗಿಸಿತ್ತೇನೋ. ನೀವು ಗುಡ್ಡ ನೋಡಿದ್ರಿ.”

ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ನುಗ್ಗಿದೆ. ಉಂಗುರದ್ದು ನಿನ್ನೆ ಸಂಜೆಯೇ ಮಾರಾಟವಾಗಿತ್ತು, ಇನ್ನೊಂದು ಬರಲು ಹದಿನೈದು ದಿನ ಅಂದ. ಸ್ಪರ್ಧೆ ಮುಂದಿನ ಭಾನುವಾರ. ಯಾರ ಹತ್ತಿರವಾದರೂ ಎರವಲು ಕೇಳೋಣವೆಂದರೆ ಸ್ಪರ್ಧೆಯ ವಾರದಲ್ಲಿ ತಮ್ಮ ಬಂದೂಕಿನ ದುರ್ಬೀನು ಬಿಚ್ಚಿ ಯಾರು ಕೊಡುತ್ತಾರೆ?

ಬಸ್ಸಿನಲ್ಲಿ ಸಿಂಧು ನನ್ನ ಭುಜಕ್ಕೆ ಒರಗಿಕೊಂಡು, “ಬುಡಜ್ಜಿ, ತಂಡ ಇಲ್ದಿದ್ರೆ ಓದಕ್ಕೆ ಟೈಮು ಸಿಕ್ತದೆ,” ಅಂದಳು. ಅವಳು ಜಗಳ ಆಡಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅವಳು ಜಗಳ ಆಡಲಿಲ್ಲವಲ್ಲ, ಅದನ್ನೇ ತಡೆಯಲಾಗಲಿಲ್ಲ. ಮುತ್ತುರಾಜು ಮುಂದಿನ ಸೀಟಿನಲ್ಲಿ ನಿದ್ದೆ ಬಂದವನ ಹಾಗೆ ನಟಿಸುತ್ತಿದ್ದ.

ಈಗ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ. ನನ್ನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ದೂರದ ಕಚ್ಚು ನನಗೆ ಕಾಣುತ್ತಿರಲಿಲ್ಲ. ಕುರಿಯ ನಡಿಗೆ, ಕೂಗು, ಯಾವುದು ಯಾವುದರ ಹಿಂದೆ ಹೋಗುತ್ತದೆ ಅನ್ನುವುದನ್ನು ನೋಡಿ ಅಂದಾಜಿನಲ್ಲಿ ಹೇಳುತ್ತಿದ್ದೆ, ಸರಿಯಾಗುತ್ತಿತ್ತು. ಅವತ್ತು ಮಾಳಿಗೆಯ ಮೇಲೆ ಆ ದುರ್ಬೀನು ನನ್ನ ಹಳೇ ಕಣ್ಣನ್ನು ವಾಪಸ್ಸು ಕೊಟ್ಟಿತು. ನಾನು ಮೊಮ್ಮಗಳಿಗೆ ಆರಿಸಲಿಲ್ಲ, ನನಗೆ ಆರಿಸಿಕೊಂಡೆ. ನಾಚಿಕೆಗೆಟ್ಟವಳು ನಾನು!

ಸೋಮವಾರ ಬೆಳಗ್ಗೆ ಕುರಿ ಹೊಡೆದುಕೊಂಡು ಕೆರೆ ಕಡೆ ಹೋದೆ. ಗಂಗಹನುಮಯ್ಯನ ಮಂದೆ ನಮ್ಮದರಲ್ಲಿ ಸೇರಿಕೊಂಡಿತು. ಅವನು ಆಚೆಯಿಂದ, “ಅಕ್ಕೋ, ಆ ಕುಂಟ್ಕೊಂಡು ಓಯ್ತಿರೋದು ನಿಮ್ದಾ ನಮ್ದಾ?” ಅಂತ ಕೂಗಿದ. ಅದರ ನಡಿಗೆಯಿಂದ ಹೇಳೋಣವೆಂದರೆ ಮುಳ್ಳು ಚುಚ್ಚಿಕೊಂಡು ಕುಂಟುತ್ತಿತ್ತು. ಯಾರೂ ನೋಡದ ಹಾಗೆ ಕೈ ಮುಷ್ಟಿ ಮಾಡಿ, ಬೆರಳ ನಡುವೆ ಹೆಸರುಕಾಳಿನಷ್ಟು ಕಿಂಡಿ ಬಿಟ್ಟು, ಅದರಲ್ಲಿ ಕಣ್ಣಿಟ್ಟೆ. ಎರಡು ವರ್ಷದಿಂದ ಗುಟ್ಟಾಗಿ ಮಾಡಿಕೊಂಡು ಬಂದ ಉಪಾಯ ಅದು. ಕಿಂಡಿ ಸಣ್ಣದಾದಷ್ಟೂ ಮಂಜು ಕಡಿಮೆಯಾಗುತ್ತದೆ. ಎಡಗಿವಿಯ ಕಚ್ಚು ಚೊಕ್ಕವಾಗಿ ಕಂಡಿತು.

“ನಮ್ದು ಕಣ್ಲಾ!” ಅಂದೆ. ಅಂದವಳು ಹಾಗೇ ನಿಂತುಬಿಟ್ಟೆ. ನನ್ನ ಮಂಜುಗಣ್ಣಿಗೆ ಕಿಂಡಿ ಆಗುವುದಾದರೆ ಆ ಮಂಜು ದುರ್ಬೀನಿಗೆ ಯಾಕಾಗಬಾರದು?

ಎರಡೂ ಮಂದೆ ಗಂಗಹನುಮಯ್ಯನಿಗೆ ಒಪ್ಪಿಸಿ ಮನೆಗೆ ಓಡಿದೆ. ಅವನು ಹಿಂದಿನಿಂದ ಏನೋ ಅರಚುತ್ತಿದ್ದ, ಕೇಳಿಸಿಕೊಳ್ಳಲಿಲ್ಲ. ಕಾಲೇಜಿಗೆ ಹೊರಟಿದ್ದ ಸಿಂಧುವನ್ನು ತಡೆದು ಕೂರಿಸಿದೆ. ಮದುವೆ ಕಾಗದದ ರಟ್ಟು ಕತ್ತರಿಸಿ ನಡುವೆ ತೂತು ಮಾಡಿ ದುರ್ಬೀನಿನ ಮುಂದಿನ ಗಾಜಿಗೆ ದಾರದಿಂದ ಕಟ್ಟಿದೆ. ಇಪ್ಪತ್ತು ಮೀಟರಿಗೆ ಮರಿಯೊಂದನ್ನು ಗೂಟಕ್ಕೆ ಬಿಗಿದು, “ನೋಡೇ, ಕಚ್ಚು ಕಾಣ್ತದಾ?” ಅಂದೆ. ಬಂದೂಕಿನಿಂದ ಬಿಚ್ಚಿದ ಬರೀ ದುರ್ಬೀನು ಮಾತ್ರ, ಗಾಬರಿಯಾಗಬೇಡಿ.

ಸಿಂಧು ಕಣ್ಣಿಟ್ಟಳು. ತಲೆ ಅತ್ತಿತ್ತ ಆಡಿಸಿ ನೋಡಿದಳು.

“ಅಜ್ಜಿ! ಕೂದ್ಲೂ ಕಾಣ್ತವೆ! ಒಸಿ ಕತ್ಲೆ, ಆದ್ರೆ ಕಾಣ್ತದೆ! ತಲೆ ಅಲ್ಲಾಡ್ಸಿದ್ರೂ ಗೆರೆ ಅಷ್ಟು ಓಡಲ್ಲ!”

ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ನನ್ನ ತೂತು ಸೊಟ್ಟ, ನಡುವಿನಿಂದ ಪಕ್ಕಕ್ಕೆ ಸರಿದಿತ್ತು, ಬಂದೂಕಿನ ಒಂದು ಏಟಿಗೆ ರಟ್ಟು ಹಾರಿಹೋಗುತ್ತದೆ. ಸರಿಯಾಗಿ ನಟ್ಟನಡುವೆ ಗುಂಡನೆಯ ತೂತು ಬೇಕು, ಬಿಗಿಯಾಗಿ ಕೂರಬೇಕು. ಆಗ ಸಿಂಧು, “ಹಿನಾ ಅಕ್ಕನ್ನ ಕೇಳನ,” ಅಂದಳು. ಹಿನಾ ಚನ್ನಪಟ್ಟಣದ ಹುಡುಗಿ, ಮನೆಯಲ್ಲಿ ತಲೆಮಾರಿನಿಂದ ಬೊಂಬೆ ಕಡೆಯುವ ಕೆಲಸ. ಭಾನುವಾರ ಮನೋಹರ್ ಶೆಡ್ಡಿಗೆ ಬಂದು ಇವಳ ಪಕ್ಕದಲ್ಲೇ ಮಲಗಿ ಗುರಿ ಹೊಡೆಯುತ್ತಾಳೆ, ವಯಸ್ಸಿನಲ್ಲಿ ದೊಡ್ಡವಳು, ಕಿರಿಯರ ತಂಡದವಳಲ್ಲ.

ಮಂಗಳವಾರ ಅವಳ ಕಾರ್ಖಾನೆಯಲ್ಲಿದ್ದೆವು. ಹಿನಾ ದುರ್ಬೀನಿನ ಬಾಯಿಯನ್ನು ಒಂದು ಸಲ ಅಳೆದಳು. ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿದಳು. ಉಳಿ ಇಟ್ಟರೆ ಬಿಳಿ ಹೊಟ್ಟು ಸುರುಳಿ ಸುರುಳಿಯಾಗಿ ಅವಳ ಮಡಿಲಿಗೆ ಬಿತ್ತು.

“ತೂತು ಎಷ್ಟು ದೊಡ್ಡದು ಬೇಕು ಅಜ್ಜಿ?” ಅಂದಳು.

ನನ್ನ ಬಾಯಿಗೆ ಉತ್ತರ ಬಂದೇಬಿಟ್ಟಿತ್ತು. ನುಂಗಿಕೊಂಡೆ. “ನಂಗೇನ್ ಕೇಳ್ತೀಯವ್ವ, ನೋಡೋ ಕಣ್ಣು ಅವಳ್ದು. ಅವಳ್ನ ಕೇಳು,” ಅಂದೆ. ಸಿಂಧು ಪಕ್ಕನೆ ನನ್ನ ಮುಖ ನೋಡಿದಳು. ನಾನು ಹೊಟ್ಟು ನೋಡುತ್ತಾ ಕೂತೆ.

ಹಿನಾ ದುರ್ಬೀನಿನ ಬಾಯಿಗೆ ಬಿಗಿಯಾಗಿ ಕೂರುವ ಮೂರು ಟೋಪಿ ಕಡೆದಳು. ಒಂದರ ತೂತು ಹುಣಸೆ ಬೀಜದಷ್ಟು, ಒಂದು ಅವರೆಕಾಳಿನಷ್ಟು, ಒಂದು ಕಡಲೆಕಾಳಿನಷ್ಟು. ಒಳಗೆ ಬೆಳಕು ಮಿಂಚಬಾರದು ಅಂತ ಮಸಿ ಬಳಿದಳು. ಹೊರಗಡೆ ಮಾತ್ರ ಸುಮ್ಮನೆ ಬಿಡಲು ಅವಳ ಕೈ ಒಪ್ಪಲಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಲ್ಲಿ ಉಜ್ಜಿ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು ಬಣ್ಣ ಹಾಕಿದಳು. ದುಡ್ಡು ಕೊಡಲು ಹೋದರೆ, “ಒಂದು ಕುರಿ ಮರಿಗೆ ನನ್ನೆಸ್ರು ಮಡಗಿ ಸಾಕು,” ಅಂದಳು. ಮಡಗಿದ್ದೇನೆ, ಬೇಕಾದರೆ ಬಂದು ನೋಡಿ.

ಬುಧವಾರದಿಂದ ಶನಿವಾರದವರೆಗೆ ಸಿಂಧು ಹಟ್ಟಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಕಾಗದ ಅಂಟಿಸಿ ಹೊಡೆದಳು. ಮೂರೂ ಟೋಪಿ ಹಾಕಿ ನೋಡಿ ಹಳದಿಯದನ್ನು, ಅವರೆಕಾಳಿನದನ್ನು ಆರಿಸಿಕೊಂಡಳು. ನಾನು ಒಂದು ಮಾತೂ ಆಡಲಿಲ್ಲ. ನಾಲ್ಕು ದಿನ ಮಾತಾಡದೆ ಇದ್ದದ್ದಕ್ಕೆ ನನಗೆ ಬೇರೆ ಬಹುಮಾನ ಕೊಡಬೇಕು.

ಭಾನುವಾರ ಹನ್ನೊಂದು ಮಕ್ಕಳು ಬಂದಿದ್ದರು. ಒಬ್ಬರಿಗಿಂತ ಒಬ್ಬರ ಬಂದೂಕು ಚೆಂದ. ಹಳದಿ ಟೋಪಿ ನೋಡಿ ಒಬ್ಬ ದೊಡ್ಡ ಮನುಷ್ಯ, ಮಗನನ್ನು ಕಾರಿನಲ್ಲಿ ಕರೆತಂದವನು, “ಏನ್ರೀ ಇದು, ಬಂದೂಕಿಗೆ ಬೊಂಬೆ ಟೋಪಿ!” ಅಂತ ನಕ್ಕ.

“ಬಂದೂಕಿಗಾದ್ರೂ ಟೋಪಿ ಐತೆ. ನಿಮ್ಮ ಬೋಳುತಲೆಗೆ ಅದೂ ಇಲ್ವಲ್ಲ ಸ್ವಾಮಿ,” ಅಂದೆ. ಮುತ್ತುರಾಜು ನನ್ನ ಸೆರಗು ಎಳೆದ. ಮನೋಹರ್ ಟೋಪಿಯನ್ನು ತಿರುಗಿಸಿ ಮುರುಗಿಸಿ ನೋಡಿ, ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ ಅಂದ.

ಅರ್ಧ ಗಂಟೆ, ಇಪ್ಪತ್ತು ಗುಂಡು. ಸಿಂಧು ನಿಧಾನವಾಗಿ ಹೊಡೆದಳು. ಹದಿನಾಲ್ಕು ಆಗಿತ್ತು, ಅಷ್ಟರಲ್ಲಿ ಮೋಡ ಮುಸುಕಿತು. ಶೆಡ್ಡಿನ ಆ ತುದಿಯಲ್ಲಿ ಬೆಳಕು ಇಳಿದುಹೋಯಿತು. ಉಳಿದವರಿಗೆ ಏನೂ ಆಗಲಿಲ್ಲ, ಅವರ ಗಾಜಿನ ಬಾಯಿ ಅಗಲ. ನಮ್ಮದು ಅವರೆಕಾಳು! ಅವಳಿಗೆ ಈಗ ಗುರಿ ಕಪ್ಪಗೆ ಕಾಣುತ್ತಿದೆ ಅಂತ ನನಗೆ ಗೊತ್ತಾಯಿತು. ‘ಟೋಪಿ ಬದಲಾಯಿಸೇ, ಕೆಂಪುದು ಹಾಕೇ, ಹುಣಸೆ ಬೀಜದ್ದು!’ ಅಂತ ಕಿರುಚಬೇಕು ಅನ್ನಿಸಿತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಸಿಂಧು ಬಂದೂಕನ್ನು ಕೆಳಗಿಟ್ಟಳು. ಗಲ್ಲಕ್ಕೆ ಕೈ ಕೊಟ್ಟು ಸುಮ್ಮನೆ ಮಲಗಿದಳು. ನಿಮಿಷ ಓಡುತ್ತಿತ್ತು. ಪಕ್ಕದವರೆಲ್ಲ ಮುಗಿಸಿ ಏಳತೊಡಗಿದರು. “ಏನವ್ವ ಇವ್ಳು ಮಲಿಕ್ಕಂಡವ್ಳೆ?” ಅಂತ ಮುತ್ತುರಾಜು ಕಿವಿಯಲ್ಲಿ ಪಿಸುಗುಟ್ಟಿದ. ನನಗೆ ಗೊತ್ತಿತ್ತು. ಕುರಿ ಮೇಯಿಸಲು ನನ್ನ ಜೊತೆ ಬರುತ್ತಿದ್ದಾಗ ಮೋಡ ಬಂದು ಆಚೆ ದಡ ಮಸುಕಾದರೆ, ಕಣ್ಣು ದಣಿಸಬೇಡ, ಮೋಡ ಸರಿಯಲಿ, ಕಾಯು, ಅಂತ ಇವಳಿಗೆ ಹೇಳಿಕೊಟ್ಟವಳು ನಾನೇ.

ಐದು ನಿಮಿಷ ಉಳಿದಿದ್ದಾಗ ಬಿಸಿಲು ಬಂತು. ಅವಳು ಬಂದೂಕೆತ್ತಿ ಆರು ಗುಂಡನ್ನೂ ಒಂದರ ಹಿಂದೆ ಒಂದು ಹೊಡೆದಳು, ಅವಸರವಿರಲಿಲ್ಲ.

ಹನ್ನೊಂದರಲ್ಲಿ ಮೂರನೆಯವಳು. ಮೊದಲನೆಯವಳಾಗಬೇಕಿತ್ತು, ಒಂಬತ್ತನೇ ಗುಂಡು ನಡುವಿನ ಸುತ್ತಿನ ಗೆರೆ ಮುಟ್ಟಿತ್ತು ಅಂತ ನಾನು ಮನೋಹರ್ ಜೊತೆ ಜಗಳಕ್ಕೂ ಹೋದೆ, ಅದು ಬೇರೆ ಮಾತು. ತಂಡದಲ್ಲಿ ಅವಳ ಹೆಸರು ಬರೆದಾಯಿತು. ಹಿನಾ ಓಡಿಬಂದು ಅವಳನ್ನು ಎತ್ತಿಕೊಂಡೇಬಿಟ್ಟಳು. ಮುತ್ತುರಾಜು ಸುಮ್ಮನೆ ನಿಂತು ಅಳುತ್ತಿದ್ದ.

ಕಾರಿನ ಮನುಷ್ಯ ಹತ್ತಿರ ಬಂದ. ಈ ಸಲ ನಗುತ್ತಿರಲಿಲ್ಲ. ಬಂದೂಕನ್ನು ನೋಡಿ, “ಈ ದುರ್ಬೀನು ಯಾರಮ್ಮ ಆರಿಸಿದ್ದು?” ಅಂತ ಸಿಂಧುವನ್ನು ಕೇಳಿದ.

ಮನೋಹರ್ ನೆಲ ನೋಡಿದ. ಸಿಂಧು ಹಳದಿ ಟೋಪಿಯನ್ನು ಲಂಗದ ತುದಿಯಲ್ಲಿ ಒರೆಸುತ್ತಾ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

“ನಮ್ಮಜ್ಜಿ. ದುರ್ಬೀನೂ ಅವಳೇ ಆರ್ಸಿದ್ದು, ಟೋಪಿ ಯೋಚ್ನೆನೂ ಅವಳ್ದೇ. ನಮ್ಮ ಕಡೆ ದಾಸಮ್ಮನ ಕಣ್ಣು ಅಂದ್ರೆ ಎಲ್ರಿಗೂ ಗೊತ್ತು.”

ಆಮೇಲೆ ನನ್ನ ಪಕ್ಕಕ್ಕೆ ಬಂದು, ಯಾರಿಗೂ ಕೇಳಿಸದ ಹಾಗೆ, “ನಾಳೆ ಕನಕಪುರಕ್ಕೆ ಬಾ, ಕಣ್ಣು ತೋರ್ಸನ. ಮುಷ್ಟಿ ಕಿಂಡಿ ಮಾಡ್ಕೊಂಡು ನೋಡೋದ್ನ ನಾನು ಹೋದ ವರ್ಸ್ದಿಂದ ನೋಡ್ತಿದ್ದೀನಿ ಅಜ್ಜಿ,” ಅಂದಳು.

ನೋಡಿದಿರಾ ಅವಳ ಕಣ್ಣು! ನನ್ನ ಮೊಮ್ಮಗಳು ಕಣ್ರೀ ಅವಳು.